ನುಂಗಿದ ಮಾತಿನ ದೀಪ

ಸದಾಶಿವ ಕರ್ಕೇರ ಸತ್ತ ಬೆಳಗ್ಗೆ, ಆ ಪಂಪನ್ನು ಚಾಲೂ ಮಾಡಬಾರದು ಎಂದು ಕಂಟ್ರೋಲ್ ರೂಮಿನಲ್ಲಿದ್ದ ಎಲ್ಲರಿಗೂ ಅನ್ನಿಸಿತ್ತು. ಯಾರೂ ಹೇಳಲಿಲ್ಲ.

ನೇತ್ರಾವತಿ ಬೇಸಗೆಯಲ್ಲಿ ಹರಿಯುವುದನ್ನೇ ಬಿಟ್ಟ ಮೇಲೆ ಕರಾವಳಿಯ ಊರುಗಳು ಕಡಲಿನ ನೀರನ್ನು ಕುಡಿಯತೊಡಗಿದ್ದವು. ಮೂಲ್ಕಿಯಿಂದ ಸ್ವಲ್ಪ ಉತ್ತರಕ್ಕೆ, ಮರಳದಿಣ್ಣೆಯ ಹಿಂದೆ ಇದ್ದ ‘ಕಡಲಸಿರಿ’ ಸ್ಥಾವರದ ಕೆಲಸ ಅದೇ. ಉಪ್ಪುನೀರನ್ನು ಭಾರೀ ಒತ್ತಡದಲ್ಲಿ ತೆಳ್ಳನೆಯ ಪೊರೆಗಳ ಮೂಲಕ ತಳ್ಳಿದರೆ ಉಪ್ಪು ಈಚೆ ಉಳಿಯುತ್ತದೆ, ಸಿಹಿನೀರು ಆಚೆ ಹೋಗುತ್ತದೆ. ಆ ಬೆಳಗ್ಗೆ ಪಂಪು ಚಾಲೂ ಆದಾಗ ಒತ್ತಡ ತಾಳದೆ ಒಂದು ಕೊಳವೆ ಒಡೆಯಿತು. ಪಂಪುಮನೆಯಲ್ಲಿ ವಾಲ್ವ್ ನೋಡಿಕೊಳ್ಳುತ್ತಿದ್ದ ಸದಾಶಿವ ಅಲ್ಲಿಯೇ ಸತ್ತುಹೋದ.

ತನಿಖೆಗೆ ಬಂದವರು ಪ್ರತಿಯೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಉತ್ತರ ಒಂದೇ ಆಗಿತ್ತು. “ನನಗೆ ಸರಿ ಅನ್ನಿಸಲಿಲ್ಲ. ಆದ್ರೆ ಉಳಿದವರೆಲ್ಲ ಸುಮ್ಮನಿದ್ರಲ್ಲ, ಅವರಿಗೆ ಗೊತ್ತಿರಬಹುದು ಅಂತ ನಾನೂ ಸುಮ್ಮನಾದೆ.” ಯಂತ್ರದ ತಪ್ಪು ಯಂತ್ರದವರು ಸರಿಮಾಡುತ್ತಾರೆ, ಈ ತಪ್ಪನ್ನು ಸರಿಮಾಡುವವರು ಯಾರು ಎಂದು ತನಿಖೆಯವರು ವರದಿಯ ಕೊನೆಯಲ್ಲಿ ಕೇಳಿದ್ದರು. ಹಾಗೆ ಡಾ. ಪ್ರಫುಲ್ಲಾ ಬಂಗೇರ ಕಡಲಸಿರಿಗೆ ಬಂದರು.

ಮನುಷ್ಯರು ಒಬ್ಬೊಬ್ಬರಾಗಿ ಇದ್ದಾಗ ಹೇಗಿರುತ್ತಾರೆ, ಒಂದು ಸಂಸ್ಥೆಯ ಒಳಗೆ ಗುಂಪಾಗಿ ಕೂತಾಗ ಹೇಗಾಗುತ್ತಾರೆ ಎಂಬುದನ್ನು ಓದುವುದು ಪ್ರಫುಲ್ಲಾ ಅವರ ವೃತ್ತಿ. ಮಂಗಳೂರಿನ ತಮ್ಮ ಪ್ರಯೋಗಾಲಯದಲ್ಲಿ ಅವರು ಒಂದು ಕೊರಳಪಟ್ಟಿ ಮಾಡಿದ್ದರು. ನೋಡಲಿಕ್ಕೆ ಕಪ್ಪು ರಿಬ್ಬನಿನ ಹಾಗೆ. ನಾವು ಮಾತಾಡುವ ಮುಂಚೆ ಗಂಟಲಿನ ಸ್ನಾಯುಗಳಿಗೆ ಮಿದುಳಿನಿಂದ ಸಂಕೇತ ಬರುತ್ತದೆ, ಉಸಿರು ಅದಕ್ಕೆ ತಕ್ಕಂತೆ ಸಿದ್ಧವಾಗುತ್ತದೆ. ಮಾತನ್ನು ತಡೆದರೂ ಸಂಕೇತ ಬಂದಿರುತ್ತದೆ. ಸ್ನಾಯು ಒಮ್ಮೆ ಬಿಗಿಯಾಗಿ ಸಡಿಲುತ್ತದೆ, ಉಸಿರು ಒಳಗೇ ನಿಲ್ಲುತ್ತದೆ. ಪಟ್ಟಿ ಅದನ್ನು ಗುರುತಿಸುತ್ತಿತ್ತು. ಏನು ಹೇಳಲು ಹೊರಟಿದ್ದರು ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಹೇಳಲು ಹೊರಟು ನುಂಗಿಕೊಂಡರು ಎಂಬುದಷ್ಟೇ ಗೊತ್ತಾಗುತ್ತಿತ್ತು.

ಎಲ್ಲರ ಪಟ್ಟಿಗಳೂ ಮೇಜಿನ ನಡುವೆ ಇಟ್ಟ ಒಂದು ದೀಪಕ್ಕೆ ಸುದ್ದಿ ಕಳಿಸುತ್ತಿದ್ದವು. ಕೋಣೆಯಲ್ಲಿ ನುಂಗಿದ ಮಾತು ಹೆಚ್ಚಾದರೆ ದೀಪ ಹಳದಿಯಾಗಿ ಹೊತ್ತಿಕೊಳ್ಳುತ್ತಿತ್ತು. ಯಾರ ಕೊರಳಿನಿಂದ ಬಂತು ಎಂಬುದು ಎಲ್ಲಿಯೂ ಉಳಿಯದಂತೆ ಪ್ರಫುಲ್ಲಾ ನೋಡಿಕೊಂಡಿದ್ದರು.

“ದೀಪ ಹೊತ್ತಿದ್ರೆ ನೀವು ಮಾಡಬೇಕಾದ್ದು ಒಂದೇ,” ಎಂದು ಅವರು ಮುಖ್ಯ ಎಂಜಿನಿಯರ್ ರತ್ನವರ್ಮ ಬಲ್ಲಾಳರಿಗೆ ಹೇಳಿದರು. “ಮಾತು ನಿಲ್ಲಿಸಿ, ಕಾಯಿರಿ.”

“ಎಷ್ಟು ಹೊತ್ತು ಕಾಯುವುದು?”

“ಯಾರಾದರೂ ಬಾಯಿ ಬಿಡುವ ತನಕ.”

ಬಲ್ಲಾಳರು ನಕ್ಕರು. ಐವತ್ತು ದಾಟಿದ, ಎತ್ತರದ ಆಳು. ಕೆಟ್ಟವರಲ್ಲ. ಯಾರನ್ನೂ ಗದರಿಸುತ್ತಿರಲಿಲ್ಲ. ಆದರೆ ಅವರು ಮಾತಾಡುವಾಗ ವಿಷಯ ಆಗಲೇ ತೀರ್ಮಾನವಾಗಿದೆ ಎಂದು ಕೇಳುವವರಿಗೆ ಅನ್ನಿಸುತ್ತಿತ್ತು. ತಾವೂ ಒಂದು ಪಟ್ಟಿ ಕಟ್ಟಿಕೊಂಡರು.

ಮೊದಲ ವಾರಗಳು ಚೆನ್ನಾಗಿದ್ದವು. ದೀಪ ಹೊತ್ತುತ್ತಿತ್ತು, ಬಲ್ಲಾಳರು ನಿಲ್ಲಿಸುತ್ತಿದ್ದರು. ಒಂದಷ್ಟು ಮುಜುಗರದ ಮೌನದ ನಂತರ ಯಾರೋ ಒಬ್ಬರು ಕೆಮ್ಮಿ ಶುರುಮಾಡುತ್ತಿದ್ದರು. ಶಿಫ್ಟಿನ ಮುಖ್ಯಸ್ಥೆ ಜೆಸಿಂತಾ ಲೋಬೊ ಹಾಗೆ ಒಮ್ಮೆ ಬಾಯಿಬಿಟ್ಟಿದ್ದರಿಂದ ಪೊರೆಗಳ ತೊಳೆಯುವ ಕ್ರಮವೇ ಬದಲಾಯಿತು. ಕಂಪನಿಯವರಿಗೆ ಖುಷಿಯಾಯಿತು. ಬೇರೆ ಸ್ಥಾವರಗಳಿಗೂ ಪಟ್ಟಿ ಬೇಕೆಂದರು.

ಆಮೇಲೆ ನಿಧಾನವಾಗಿ ಇನ್ನೊಂದು ನಡೆಯಿತು. ದೀಪ ಹೊತ್ತಿದರೆ ಸಭೆ ಉದ್ದವಾಗುತ್ತಿತ್ತು. ಸಭೆ ಉದ್ದವಾದರೆ ಮನೆಗೆ ಹೋಗುವ ಬಸ್ಸು ತಪ್ಪುತ್ತಿತ್ತು. “ಎಂತ ಮಾರಾಯ್ರೆ, ಇವತ್ತು ಯಾರಿಗೆ ಹೊಟ್ಟೆನೋವು?” ಎಂದು ಮೊದಮೊದಲು ತಮಾಷೆಗೆ ಕೇಳುತ್ತಿದ್ದರು. ಬಲ್ಲಾಳರೇ ಒಂದು ದಿನ, “ದೀಪ ಹಚ್ಚಿದ ಪುಣ್ಯಾತ್ಮ ಯಾರು?” ಎಂದು ನಗುತ್ತ ಸುತ್ತ ಕಣ್ಣಾಡಿಸಿದರು. ಎಲ್ಲರೂ ನಕ್ಕರು. ನಗುತ್ತಲೇ ಎಲ್ಲರೂ ಒಬ್ಬರ ಕೊರಳನ್ನು ಒಬ್ಬರು ನೋಡಿದರು. ಹೆಸರು ಯಂತ್ರದಲ್ಲಿ ಉಳಿಯದಿದ್ದರೇನು, ಒಂದು ಮೇಜಿನ ಸುತ್ತ ಕೂತವರಿಗೆ ಊಹಿಸುವುದು ಕಷ್ಟವಲ್ಲ.

ದೀಪ ಆರಿಸಲಿಕ್ಕೆ ಏನಾದರೂ ಮಾತಾಡಿದರೆ ಸಾಕು ಎಂದು ಬೇಗನೆ ಗೊತ್ತಾಯಿತು. ಕ್ಯಾಂಟೀನಿನ ಚಾ ನೀರಾಗಿದೆ ಎಂದರೂ ಆರುತ್ತಿತ್ತು. ಕೆಲವು ದಿನ ಎಲ್ಲರೂ ಚಾದ ಬಗ್ಗೆಯೇ ಮಾತಾಡಿದರು. ಕೊನೆಗೆ ಅದೂ ಬೇಡವಾಯಿತು. ದೀಪ ಹೊತ್ತುವುದೇ ನಿಂತುಹೋಯಿತು.

ಪ್ರಫುಲ್ಲಾ ಅವರ ಪರದೆಯ ಮೇಲೆ ನುಂಗಿದ ಮಾತಿನ ಲೆಕ್ಕ ತೋರಿಸುವ ಗೆರೆ ಇಳಿಯುತ್ತ ಇಳಿಯುತ್ತ ಸಮತಟ್ಟಾಯಿತು. ನುಂಗಿದ ಮಾತು ಇಲ್ಲ. ಅಂದರೆ ಜನ ಅನ್ನಿಸಿದ್ದನ್ನೆಲ್ಲ ಹೇಳುತ್ತಿದ್ದಾರೆ ಎಂದು ಅವರು ಅರ್ಥಮಾಡಿಕೊಂಡರು. ಹಾಗೆಯೇ ಪ್ರಬಂಧ ಬರೆದರು. ಅದನ್ನು ಓದಿ ಆಸ್ಪತ್ರೆಗಳೂ ಬೇರೆ ಸಂಸ್ಥೆಗಳೂ ಪಟ್ಟಿ ಕೊಂಡವು.

ಜೆಸಿಂತಾಳ ಮನೆ ಕಿನ್ನಿಗೋಳಿಯ ಹತ್ತಿರ. ಗಂಡ ಆಲ್ವಿನ್ ಬೇಕರಿ ನಡೆಸುತ್ತಿದ್ದ. ಮಗಳು ರೆನಿಟಾ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಒಂದು ಭಾನುವಾರ, ಬಲಿಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಊಟಕ್ಕೆ ಕೂತಾಗ ಆಕೆ ಓದು ಬಿಡುತ್ತೇನೆ ಎಂದಳು. ಕಡಲಿನ ನಡುವೆ ಬಲೆಯ ಗೂಡು ಕಟ್ಟಿ ಮೀನು ಸಾಕುವ ಕಂಪನಿಯೊಂದು ಮುಳುಗುಗಾರರನ್ನು ಸೇರಿಸಿಕೊಳ್ಳುತ್ತಿತ್ತು.

“ನೀರೊಳಗೆ ಹೋಗಿ ಬಲೆ ಹೊಲಿಯಲಿಕ್ಕೆ ನಿನ್ನನ್ನು ಓದಿಸಿದ್ದಾ?” ಎಂದು ಆಲ್ವಿನ್ ತಟ್ಟೆ ದೂಡಿದ.

“ಅಪ್ಪಾ, ಅದು ಹೊಲಿಯುವ ಕೆಲಸ ಮಾತ್ರ ಅಲ್ಲ. ನಿಮಗೆ ಗೊತ್ತಿಲ್ಲ.”

“ನನಗೆ ಗೊತ್ತಿಲ್ಲ! ಕೇಳು ಜೆಸಿಂತಾ, ನಿನ್ನ ಮಗಳ ಮಾತು.”

ಇಬ್ಬರೂ ಜೆಸಿಂತಾಳತ್ತ ತಿರುಗಿದರು. ಆಕೆ ಉತ್ತರಕ್ಕಾಗಿ ಒಳಗೆ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಹೆದರಿಕೆ ಇರಲಿಲ್ಲ, ಸಿಟ್ಟು ಇರಲಿಲ್ಲ, ಸಂತೋಷವೂ ಇರಲಿಲ್ಲ.

“ನೀವಿಬ್ಬರೂ ಹೇಳುವುದು ಸರಿಯೇ,” ಎಂದಳು.

“ಮಮ್ಮಿ, ಯಾರು ಸರಿ ಅಂತ ಕೇಳಿದ್ದಲ್ಲ. ನಿಂಗೆ ಎಂತ ಅನ್ನಿಸ್ತದೆ?”

“ಎಂತ ಅನ್ನಿಸಬೇಕು?”

ರೆನಿಟಾ ತಾಯಿಯನ್ನು ದಿಟ್ಟಿಸಿ ನೋಡಿದಳು. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಎರಡಾಗುತ್ತಿತ್ತು. ಜೆಸಿಂತಾಳ ಧ್ವನಿ ಪಕ್ಕದ ಮನೆಗೆ ಕೇಳುವಷ್ಟು ದೊಡ್ಡದು ಎಂದು ಕೇರಿಗೆಲ್ಲ ಗೊತ್ತಿತ್ತು. “ನೀನು ಬೈಯುವುದಾದ್ರೂ ಬೈ ಮಮ್ಮಿ,” ಎಂದು ಹುಡುಗಿ ಅಳುವ ಹಾಗೆ ಹೇಳಿದಳು. ಜೆಸಿಂತಾ ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು.

ಮರುದಿನ ಆಕೆ ಪ್ರಫುಲ್ಲಾ ಅವರ ಕೋಣೆಯ ಬಾಗಿಲು ತಟ್ಟಿದಳು.

“ಡಾಕ್ಟ್ರೇ, ಈ ಪಟ್ಟಿ ತಲೆಯ ಒಳಗೆ ಏನಾದ್ರೂ ಮಾಡ್ತದಾ?”

“ಇಲ್ಲ. ಅದು ಕೇಳಿಸಿಕೊಳ್ತದೆ ಅಷ್ಟೇ. ಯಾಕೆ?”

“ದೀಪ ಹೊತ್ತಬಾರದು ಅಂತ ನಾವೆಲ್ಲ ಒಂದು ಉಪಾಯ ಕಲಿತಿದ್ದೇವೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಬಲ್ಲಾಳ್ ಸರ್ ಮಾತಾಡುವಾಗ ‘ಇದು ಸರಿಯಲ್ಲ’ ಅಂತ ಒಳಗಿನಿಂದ ಏಳ್ತದಲ್ಲ, ಅದು ಏಳುವ ಮೊದಲೇ ಬೇರೆ ಕಡೆ ನೋಡಿಬಿಡುವುದು. ಮೊದಲು ಕಷ್ಟ ಆಗ್ತಿತ್ತು. ಈಗ ಅದು ಏಳುವುದೇ ಇಲ್ಲ.” ಜೆಸಿಂತಾ ಕೊರಳಪಟ್ಟಿಯನ್ನು ಮುಟ್ಟಿಕೊಂಡಳು. “ಮನೆಯಲ್ಲೂ ಏಳುವುದಿಲ್ಲ ಡಾಕ್ಟ್ರೇ.”

 ಒಬ್ಬರ ಮಾತಿನಿಂದ ಏನನ್ನೂ ನಂಬಬಾರದು ಎಂಬುದು ಪ್ರಫುಲ್ಲಾ ಅವರ ಶಾಸ್ತ್ರದ ಮೊದಲ ಪಾಠ. ಆ ವಾರದ ತರಬೇತಿಯಲ್ಲಿ ಅವರು ಶಿಫ್ಟಿನವರನ್ನೆಲ್ಲ ಕೂರಿಸಿ ಒಂದು ಪರೀಕ್ಷೆ ಮಾಡಿದರು. ಬಲ್ಲಾಳರೂ ಇದ್ದರು. ಪ್ರಫುಲ್ಲಾ ಗಂಭೀರವಾಗಿ, ಹೊಸ ಅಧ್ಯಯನವೊಂದರ ಪ್ರಕಾರ ಕಡಲಿನ ನೀರಿನಲ್ಲಿ ಉಪ್ಪು ಇರುವುದಿಲ್ಲ, ಇಷ್ಟು ದಿನ ನಾವು ತಪ್ಪು ತಿಳಿದಿದ್ದೆವು ಎಂದರು.

ಇಸ್ಮಾಯಿಲ್ ಎಂಬ ಆಪರೇಟರು ತಲೆಯಾಡಿಸಿದ. ಅವನ ಪಕ್ಕದಲ್ಲಿದ್ದ ತಾರಾನಾಥ, “ಇದರ ಪ್ರತಿ ನಮಗೂ ಸಿಗ್ತದಾ ಮೇಡಂ?” ಎಂದು ವಿನಯದಿಂದ ಕೇಳಿದ. ಉಳಿದವರು ಶಾಂತವಾಗಿ ಮುಂದಿನ ಮಾತಿಗೆ ಕಾದರು. ದೀಪ ಮಿಣುಕಲೂ ಇಲ್ಲ. ಬಲ್ಲಾಳರು ಮಾತ್ರ ಹುಬ್ಬು ಗಂಟಿಕ್ಕಿ, “ಎಂತ ಹೇಳ್ತಿದ್ದೀರಿ ನೀವು?” ಎಂದರು.

ಪ್ರಫುಲ್ಲಾ ಆಡಳಿತ ನಿರ್ದೇಶಕರಿಗೆ ಫೋನ್ ಮಾಡಿ ಪಟ್ಟಿಗಳನ್ನು ತೆಗೆಸಬೇಕು ಎಂದರು. ಗೆರೆ ಇಷ್ಟು ಚಂದ ಇರುವಾಗ ಯಾಕೆ ಎಂದು ನಿರ್ದೇಶಕರು ಕೇಳಿದರು. ಎರಡನೆಯ ಘಟಕದ ಉದ್ಘಾಟನೆ ಹತ್ತಿರ ಬಂದಿತ್ತು, ಮಂತ್ರಿಗಳು ಬರುವವರಿದ್ದರು. ಸಿಬ್ಬಂದಿಯ ಒಮ್ಮತವನ್ನು ತೋರಿಸುವ ದೀಪವನ್ನು ಅವರಿಗೂ ತೋರಿಸಬೇಕು ಎಂಬ ಯೋಚನೆ ಕಂಪನಿಗಿತ್ತು. ಅದು ಮುಗಿಯಲಿ, ಆಮೇಲೆ ನೋಡೋಣ ಎಂದರು.

ಉದ್ಘಾಟನೆಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಕಂಟ್ರೋಲ್ ರೂಮಿಗೆ ಮೈಕಿನ ಸದ್ದು ಅಸ್ಪಷ್ಟವಾಗಿ ಕೇಳುತ್ತಿತ್ತು. ಪ್ರಫುಲ್ಲಾ ಎಂದಿನಂತೆ ಗೋಡೆಯ ಬದಿಯ ಕುರ್ಚಿಯಲ್ಲಿದ್ದರು. ಅವರು ನೋಡುವವರು. ನೋಡುವವರು ನಡುವೆ ಬಾಯಿ ಹಾಕಬಾರದು ಎಂಬ ನಿಯಮವನ್ನು ಒಪ್ಪಂದದಲ್ಲಿ ಅವರೇ ಬರೆಸಿದ್ದರು.

ಹೊಸ ಪಂಪು ಅರ್ಧ ಒತ್ತಡಕ್ಕೆ ಏರಿತು. ಅಷ್ಟರಲ್ಲಿ ಪರದೆಯಲ್ಲಿ ಹೊಸ ಕೊಳವೆಯ ಕಂಪನದ ಅಂಕಿ ಏರತೊಡಗಿತು. ಇರಬೇಕಾದ್ದಕ್ಕಿಂತ ಮೇಲೆ ಹೋಗಿ ಅಲ್ಲಿಯೇ ನಡುಗುತ್ತ ನಿಂತಿತು. ಎಲ್ಲರೂ ಅದನ್ನು ನೋಡಿದರು. ಬಲ್ಲಾಳರೂ ನೋಡಿದರು.

“ಹೊಸ ಪೈಪು. ಸ್ವಲ್ಪ ಕುಣಿಯುತ್ತದೆ,” ಎಂದರು ಅವರು. “ಪೂರ್ತಿ ಒತ್ತಡಕ್ಕೆ ಹೋದಾಗ ಸರಿಯಾಗ್ತದೆ. ಯಾರಿಗಾದರೂ ಏನಾದರೂ ಹೇಳ್ಲಿಕ್ಕುಂಟಾ?”

ಅವರು ನಿಜವಾಗಿಯೂ ಕೇಳಿದ್ದರು. ಕಾದರು. ಆಮೇಲೆ ದೀಪದ ಕಡೆ ನೋಡಿದರು. ದೀಪ ಕಪ್ಪಗಿತ್ತು. ಅವರ ಹೆಗಲು ಸಡಿಲವಾದದ್ದು ಪ್ರಫುಲ್ಲಾ ಅವರಿಗೆ ಕಂಡಿತು.

“ಸರಿ ಹಾಗಾದ್ರೆ. ತಾರಾನಾಥ, ಪಂಪುಮನೆಗೆ ಹೋಗಿ ವಾಲ್ವ್ ನೋಡಿಕೊಳ್ಳಿ.”

ತಾರಾನಾಥ ಎದ್ದ. ಗೂಟದಿಂದ ಹೆಲ್ಮೆಟ್ ತೆಗೆದು ತಲೆಗೆ ಹಾಕಿ, ಅದರ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದುಕೊಂಡ. ಅವನ ಮುಖದಲ್ಲಿ ಏನೂ ಇರಲಿಲ್ಲ. ಬ್ಯಾಂಕಿನ ಸರದಿಯಲ್ಲಿ ನಿಂತವನ ಮುಖದಂತೆ ಇತ್ತು.

“ತಾರಾನಾಥ್,” ಎಂದರು ಪ್ರಫುಲ್ಲಾ.

ಎಲ್ಲರೂ ತಿರುಗಿದರು. ಆ ಕುರ್ಚಿಯಿಂದ ಯಾವತ್ತೂ ಧ್ವನಿ ಬಂದಿರಲಿಲ್ಲ.

“ನಿಮಗೆ ಅಲ್ಲಿಗೆ ಹೋಗ್ಲಿಕ್ಕೆ ಮನಸ್ಸುಂಟಾ?”

ಅವನು ಯೋಚಿಸಿದ. “ಗೊತ್ತಿಲ್ಲ ಮೇಡಂ,” ಎಂದ. ಸುಳ್ಳು ಹೇಳುತ್ತಿರಲಿಲ್ಲ.

“ಡಾಕ್ಟ್ರೇ, ಇದು ನಿಮ್ಮ ವಿಷಯ ಅಲ್ಲ,” ಎಂದರು ಬಲ್ಲಾಳರು.

ಕೊಳವೆಯ ಬಗ್ಗೆ ತನಗೆ ಏನೂ ತಿಳಿಯದು ಎಂದು ಪ್ರಫುಲ್ಲಾ ಅವರಿಗೆ ಗೊತ್ತಿತ್ತು. ನಿಮ್ಮ ಅಭಿಪ್ರಾಯವೇನು ಎಂದು ಈ ಜನರನ್ನು ಕೇಳಿ ಫಲವಿಲ್ಲ ಎಂದೂ ಗೊತ್ತಿತ್ತು. ಅವರು ಇಸ್ಮಾಯಿಲನ ಕಡೆ ತಿರುಗಿದರು. “ಅವರ ಬದಲು ನೀವು ಹೋಗಿ ಆ ಕೊಳವೆಯ ಪಕ್ಕ ನಿಲ್ತೀರಾ? ಯೋಚನೆ ಮಾಡಬೇಡಿ. ನಿಲ್ತೀರಾ ಇಲ್ವಾ?”

“ಇಲ್ಲ,” ಎಂದ ಇಸ್ಮಾಯಿಲ್. ತನ್ನ ಬಾಯಿಂದ ಬಂದ ಶಬ್ದ ಕೇಳಿ ಅವನೇ ಬೆಚ್ಚಿದ.

“ಜೆಸಿಂತಾ, ನೀವು?”

“ಇಲ್ಲ.”

ಬಲ್ಲಾಳರ ಮುಖ ಕೆಂಪಾಯಿತು. ತಮ್ಮನ್ನು ಇಪ್ಪತ್ತು ವರ್ಷಗಳಿಂದ ನಂಬಿದವರು ಎಂದು ಅವರು ತಿಳಿದಿದ್ದ ಜನ ಇವರು. ತಾರಾನಾಥನ ತಲೆಯಿಂದ ಹೆಲ್ಮೆಟ್ ಕಳಚಿ ತಾವು ಹಾಕಿಕೊಂಡು ಹೊರನಡೆದರು. ಸ್ವಲ್ಪ ಹೊತ್ತಿಗೆ ಕ್ಯಾಮರಾದ ಪರದೆಯಲ್ಲಿ ಪಂಪುಮನೆಯ ಬಾಗಿಲು ತೆರೆಯಿತು. ಬಲ್ಲಾಳರು ಒಳಗೆ ಬಂದು ನಡುಗುತ್ತಿದ್ದ ಕೊಳವೆಯ ಮಗ್ಗುಲಲ್ಲಿ ನಿಂತು, ವಾಲ್ವಿನ ಮೇಲೆ ಕೈ ಇಟ್ಟು, ವೈರ್‌ಲೆಸ್ಸನ್ನು ಬಾಯಿಯ ಹತ್ತಿರ ತಂದರು.

“ನಿಂತಿದ್ದೇನೆ. ಜೆಸಿಂತಾ, ಪೂರ್ತಿ ಒತ್ತಡ ಕೊಡಿ.”

ಜೆಸಿಂತಾಳ ಬೆರಳು ಗುಂಡಿಯ ಮೇಲಿತ್ತು. ಮೇಜಿನ ಮೇಲೆ ದೀಪ ಭಗ್ಗನೆ ಹೊತ್ತಿಕೊಂಡಿತು. ಯಾರೂ ಅದರ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಕ್ಯಾಮರಾದ ಪರದೆಯಲ್ಲಿದ್ದ ಆ ಎತ್ತರದ ಮನುಷ್ಯನ ಮೇಲಿತ್ತು.

“ಜೆಸಿಂತಾ?”

“ಇಲ್ಲ ಸರ್.”

“ಎಂತ ಇಲ್ಲ?”

“ಕೊಡುವುದಿಲ್ಲ. ನೀವು ಅಲ್ಲಿ ನಿಂತಿರುವಾಗ ನಾನು ಕೊಡುವುದಿಲ್ಲ.”

ವೈರ್‌ಲೆಸ್ಸಿನಲ್ಲಿ ಪಂಪಿನ ಮೊರೆತ ಮಾತ್ರ ಕೇಳಿತು. ಆಮೇಲೆ ಬಲ್ಲಾಳರು, “ತಾರಾನಾಥ ನಿಂತಿದ್ರೆ ಕೊಡ್ತಿದ್ರಾ?” ಎಂದು ಕೇಳಿದರು.

ಜೆಸಿಂತಾ ಗುಂಡಿಯಿಂದ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. 

“ಹೌದು ಸರ್. ಈಗಷ್ಟೇ ಕೊಡುತ್ತಿದ್ದೆ,” ಎಂದಳು. ತಾರಾನಾಥನತ್ತ ನೋಡಲು ಅವಳಿಗೆ ಆಗಲಿಲ್ಲ.

ತಾರಾನಾಥ ಕುರ್ಚಿಯಲ್ಲಿ ಕುಸಿದು ಕೂತ. “ನಾನೂ ಹೋಗ್ತಿದ್ದೆ ಜೆಸಿಂತಾ ಬಾಯಿ,” ಎಂದ ಮೆಲ್ಲಗೆ. “ಸುಮ್ಮನೆ ಎದ್ದು ಹೋಗ್ತಿದ್ದೆ.”  ಇಸ್ಮಾಯಿಲ್ ವೈರ್‌ಲೆಸ್ಸಿಗೆ ಬಾಗಿ ಕೂಗಿದ: “ಸರ್, ಹೊರಗೆ ಬನ್ನಿ! ಆ ಪೈಪಿನ ಆಧಾರದ ಕಂಬ ದೂರ ದೂರ ಹಾಕಿದ್ದಾರೆ, ಹಾಕುವಾಗಲೇ ನನಗೆ ಸರಿ ಕಾಣಲಿಲ್ಲ!” ಇನ್ನೊಬ್ಬ, ಬೆಸುಗೆಯ ಪರೀಕ್ಷೆ ಗಡಿಬಿಡಿಯಲ್ಲಿ ಮುಗಿಸಿದರು ಎಂದ. ಮತ್ತೊಬ್ಬಾಕೆ, ಮಂತ್ರಿ ಬರುವ ದಿನವೇ ಮೊದಲ ಸಲ ಓಡಿಸುವುದು ಯಾವ ಸೀಮೆಯ ಬುದ್ಧಿ ಎಂದು ಅಳುತ್ತ ಕೇಳಿದಳು. ಒಬ್ಬರ ಮಾತು ಇನ್ನೊಬ್ಬರ ಮೇಲೆ ಬಿತ್ತು. ತಿಂಗಳುಗಟ್ಟಲೆಯ ಮಾತು ಬರುತ್ತಲೇ ಇತ್ತು. ಪಂಪುಮನೆಯಲ್ಲಿ ಬಲ್ಲಾಳರು ವೈರ್‌ಲೆಸ್ಸನ್ನು ಕಿವಿಗೆ ಒತ್ತಿ ಹಿಡಿದು, ತಲೆ ತಗ್ಗಿಸಿ ಕೇಳುತ್ತ ನಿಂತರು. ಆಮೇಲೆ ಪಂಪು ನಿಲ್ಲಿಸಲು ಹೇಳಿ ಹೊರಗೆ ಬಂದರು.

ಉದ್ಘಾಟನೆಯನ್ನು ಮುಂದೂಡಿದರು. ಕೊಳವೆಯನ್ನು ಬಿಚ್ಚಿ, ಉದ್ದಕ್ಕೂ ಪರೀಕ್ಷೆ ಮಾಡಿದರು. ಕೊಳವೆಯಲ್ಲಿ ಏನೂ ದೋಷವಿರಲಿಲ್ಲ. ಕಂಬಗಳು ಸರಿಯಾದ ಅಂತರದಲ್ಲಿದ್ದವು. ಬೆಸುಗೆ ಗಟ್ಟಿಯಾಗಿತ್ತು. ಕಂಪನ ಅಳೆಯುವ ಉಪಕರಣವನ್ನು ಕೊಳವೆಗೆ ಬಿಗಿದ ತಿರುಪು ಸಡಿಲವಾಗಿತ್ತು. ಕುಣಿಯುತ್ತಿದ್ದದ್ದು ಅದು.

ಕಂಪನಿ ಬಲ್ಲಾಳರಿಂದ ವಿವರಣೆ ಕೇಳಿತು. ನಿಯಮ ಮೀರಿದ್ದಕ್ಕೆ ಪ್ರಫುಲ್ಲಾ ಅವರ ಒಪ್ಪಂದ ರದ್ದಾಯಿತು. ಅವರು ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆದು, ದೀಪ ಹೊತ್ತದಿದ್ದರೆ ಒಪ್ಪಿಗೆ ಎಂದು ತಿಳಿಯಬೇಡಿ ಎಂದು ಪಟ್ಟಿ ಕೊಂಡ ಸಂಸ್ಥೆಗಳಿಗೆಲ್ಲ ಬರೆದರು. ಎರಡು ಆಸ್ಪತ್ರೆಗಳು ಪಟ್ಟಿ ತೆಗೆದವು. ಉಳಿದವು ಉತ್ತರ ಕೊಡಲಿಲ್ಲ. ಅವುಗಳ ಗೆರೆ ಚಂದವಾಗಿಯೇ ಇತ್ತು.

ಜೆಸಿಂತಾಳ ಮನೆಯಲ್ಲಿ ಒಂದು ವಾರ ಜಗಳವಾಯಿತು. ಮಗಳು ಕಡಲಿಗೆ ಇಳಿಯುವುದು ತನಗೆ ಬಿಲ್‌ಕುಲ್ ಇಷ್ಟವಿಲ್ಲ ಎಂಬುದು ಅವಳಿಗೆ ತಿಳಿಯಿತು, ಕೇರಿಗೂ ತಿಳಿಯಿತು. ರೆನಿಟಾ ಎದುರು ವಾದಿಸಿ, ಅತ್ತು, ಕೊನೆಗೆ ಕೆಲಸಕ್ಕೆ ಸೇರಿಯೇ ಬಿಟ್ಟಳು.

ಪ್ರಫುಲ್ಲಾ ತಮ್ಮ ಸಾಮಾನು ಒಯ್ಯಲು ಬಂದ ದಿನ ಬಲ್ಲಾಳರು ಅವರನ್ನು ಕೋಣೆಗೆ ಕರೆದು ಕೂರಿಸಿದರು.

“ಪೈಪು ಸರಿಯಾಗಿತ್ತು ಡಾಕ್ಟ್ರೇ. ನಾನು ಹೇಳಿದ್ದೇ ಸರಿ.”

“ಹೌದು. ಈಗ ಗೊತ್ತಾಯಿತು. ಆವತ್ತು ನಿಮಗೂ ಗೊತ್ತಿರಲಿಲ್ಲ.”

“ಗೊತ್ತಿತ್ತು ಅಂದುಕೊಂಡಿದ್ದೆ.” ಅವರು ಕನ್ನಡಕ ತೆಗೆದು ಒರೆಸಿದರು. “ಅವರು ಹೇಳಿದ್ರಲ್ಲ, ಕಂಬ, ಬೆಸುಗೆ, ಅದರಲ್ಲಿ ಒಂದೂ ನಿಜ ಅಲ್ಲ. ಎಲ್ಲ ತಪ್ಪು. ಆದ್ರೆ ಅಲ್ಲಿ ನಿಂತು ಕೇಳುವಾಗ ನನಗೆ ಒಂದೇ ಯೋಚನೆ. ಇಷ್ಟೆಲ್ಲ ಇಟ್ಟುಕೊಂಡು ಇವರು ನನ್ನೆದುರು ಹೇಗೆ ಕೂತಿದ್ದರು ಅಂತ.”

ಪ್ರಫುಲ್ಲಾ ಮಡಿಲಲ್ಲಿದ್ದ ತಮ್ಮ ಪೆಟ್ಟಿಗೆಯನ್ನು ನೆಲಕ್ಕಿಟ್ಟರು. 

“ಪಟ್ಟಿಗಳನ್ನು ತೆಗೆಸಿದ್ದೇನೆ,” ಎಂದರು ಬಲ್ಲಾಳರು. “ಕಂಪನಿ ಕೇಳಿದ್ರೆ ನಾನು ಹೇಳಿಕೊಳ್ತೇನೆ. ಈಗ ಸಭೆ ಉಂಟು, ಹೋಗುವ ಮೊದಲು ನೋಡಿ ಹೋಗಿ. ಕುರ್ಚಿ ಅಲ್ಲೇ ಉಂಟು.”

“ಬೇಡ. ನಾನು ನೋಡ್ತಿದ್ದರೆ ಅವರು ಮತ್ತೆ ಸುಮ್ಮನಾದಾರು.”

ಅವರು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗಿನ ದಾರಿಯಲ್ಲಿ ನಡೆಯುವಾಗ ಸಭೆ ಶುರುವಾಗಿತ್ತು. ಶಿಫ್ಟಿನ ಸಮಯ ಬದಲಿಸುವ ವಿಷಯ. ಸಣ್ಣ ವಿಷಯ. ಜೆಸಿಂತಾ ಇಸ್ಮಾಯಿಲನಿಗೆ ಏನೋ ಹೇಳುತ್ತಿದ್ದಳು, ಅವನು ಅವಳಿಗಿಂತ ಜೋರಾಗಿ ಇನ್ನೇನೋ ಹೇಳುತ್ತಿದ್ದ. ಅದು ಇಬ್ಬರದೂ ತಪ್ಪು ಎಂದು ತಾರಾನಾಥ ಕುರ್ಚಿ ಎಳೆದುಕೊಂಡು ನಡುವೆ ಬಂದ. ಬಲ್ಲಾಳರು ಅಂಗೈಯಿಂದ ಮೇಜು ಬಡಿದರು.

“ಒಬ್ಬೊಬ್ಬರೇ ಮಾತಾಡಿ ಮಾರಾಯ್ರೆ!”

ಯಾರೂ ಕೇಳಲಿಲ್ಲ.